ಒಪ್ಪಿಗೆ ಪತ್ರದಲ್ಲಿ ಇಲ್ಲದ ಒಂದು ಸಾಲು: ಸ್ತ್ರೀರೋಗ ಚಿಕಿತ್ಸೆಯಲ್ಲಿ ನೋವಿನ ಮಾಹಿತಿ ಯಾರ ಹೊಣೆ?

ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಮಹಿಳೆಯ ಕೈಗಿಡುವ ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ ನೋಡುವವರು ಕಡಿಮೆ. ಓದಿದವರಿಗೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ರಕ್ತಸ್ರಾವ, ಸೋಂಕು, ಅಕ್ಕಪಕ್ಕದ ಅಂಗಗಳಿಗೆ ಆಗಬಹುದಾದ ಗಾಯ, ಕಡೆಗೆ ಸಾವಿನ ಸಂಭವ ಕೂಡ ಅಲ್ಲಿ ನಮೂದಾಗಿರುತ್ತದೆ. ಸಾವಿರಕ್ಕೊಬ್ಬರಿಗೋ ಹತ್ತು ಸಾವಿರಕ್ಕೊಬ್ಬರಿಗೋ ಒದಗಬಹುದಾದ ಅಪಾಯಗಳಿಗೆ ಅಷ್ಟು ಜಾಗವಿದೆ. ಮೇಜಿನ ಮೇಲೆ ಮಲಗಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಪ್ರಮಾಣದಲ್ಲಿ ಅನುಭವಿಸುವ ನೋವಿನ ಬಗ್ಗೆ, ಅದನ್ನು ತಗ್ಗಿಸಲು ಏನೇನು ಲಭ್ಯವಿದೆ ಎಂಬುದರ ಬಗ್ಗೆ ಮಾತ್ರ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ.

ಈ ವರದಿಗಾರ್ತಿಗೆ ವಿಷಯ ಮೊದಲು ತಟ್ಟಿದ್ದು ಮನೆಯಿಂದಲೇ. ಮದುವೆಯಾಗಿ ಕೆಲವು ವರ್ಷ ಮಕ್ಕಳಾಗದ ಕಾರಣ ಅತ್ತಿಗೆಗೆ ಹುಬ್ಬಳ್ಳಿಯ ಖಾಸಗಿ ಕೇಂದ್ರವೊಂದರಲ್ಲಿ ಎಚ್‌ಎಸ್‌ಜಿ ಪರೀಕ್ಷೆ ಮಾಡಿಸಿದರು. ಗರ್ಭಕೋಶದ ಕೊರಳಿನ ಮೂಲಕ ಔಷಧ ದ್ರವವನ್ನು ಒತ್ತಿ ತುಂಬಿಸಿ, ಗರ್ಭನಾಳಗಳು ತೆರೆದಿವೆಯೇ ಎಂದು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆ ಅದು. "ಸಣ್ಣ ಪರೀಕ್ಷೆರೀ, ಐದ ನಿಮಿಷದಾಗ ಮುಗೀತದ" ಎಂದಷ್ಟೇ ಹೇಳಲಾಗಿತ್ತು. ದ್ರವ ಒಳಹೊಕ್ಕಾಗ ಅತ್ತಿಗೆ ಚೀರಿದರು. "ಏನ್ರೀ ಅಕ್ಕಾ, ಇಷ್ಟಕ್ಕ ಚೀರಿದ್ರ ನಾಳೆ ಹೆರಿಗಿ ಹೆಂಗ ಮಾಡ್ಕೋತೀರಿ?" ಎಂದು ಪಕ್ಕದಲ್ಲಿದ್ದ ಸಿಬ್ಬಂದಿ ಕೇಳಿದರಂತೆ. ಮಕ್ಕಳಾಗಲಿಲ್ಲ ಎಂಬ ಕೊರಗಿನಲ್ಲೇ ಅಲ್ಲಿಗೆ ಹೋದವರಿಗೆ ಆ ಮಾತು ಪರೀಕ್ಷೆಗಿಂತ ಹೆಚ್ಚು ನೋಯಿಸಿತು. ಹೊರಗೆ ಬೆಂಚಿನ ಮೇಲೆ ಕುಳಿತಾಗ ಪಕ್ಕದ ಮಹಿಳೆ ಕೇಳಿದರು: "ಯಾಕವ್ವಾ, ನಿಮಗ ಗುಳಿಗಿ ತಗೊಂಡು ಬರ್ರಿ ಅಂತ ಹೇಳಿದ್ದಿಲ್ಲೇನು? ನಮ್ಮ ಡಾಕ್ಟರ್ ಒಂದ ತಾಸು ಮೊದಲ ತಗೋರಿ ಅಂದಿದ್ರು."

ಒಂದೇ ಕೇಂದ್ರ, ಒಂದೇ ದಿನ, ಒಂದೇ ಪರೀಕ್ಷೆ. ಒಬ್ಬರಿಗೆ ಮಾಹಿತಿ ಸಿಕ್ಕಿದೆ, ಇನ್ನೊಬ್ಬರಿಗೆ ಸಿಕ್ಕಿಲ್ಲ. ಯಾವ ವೈದ್ಯರ ಕೈಗೆ ಬಿದ್ದಿರಿ ಎಂಬುದರ ಮೇಲೆ ಇದು ನಿರ್ಧಾರವಾಗಬೇಕೇ?

ಇದೇ ಪ್ರಶ್ನೆ ಅಮೆರಿಕದಲ್ಲಿ ಕೆಲವು ವರ್ಷಗಳಿಂದ ಬಿಸಿಯಾಗಿ ಚರ್ಚೆಯಾಗಿದೆ. ನಮ್ಮಲ್ಲಿ ವಂಕಿ ಅಥವಾ ಕಾಪರ್-ಟಿ ಎಂದು ಕರೆಯುವ ಗರ್ಭನಿರೋಧಕ ಸಾಧನವನ್ನು ಅಳವಡಿಸುವಾಗ ತಾವು ಪಟ್ಟ ಪಾಡನ್ನು ಅಲ್ಲಿನ ಯುವತಿಯರು ವಿಡಿಯೊ ಮಾಡಿ ಸಾಮಾಜಿಕ ಜಾಲತಾಣಗಳಲ್ಲಿ ಹಾಕತೊಡಗಿದರು. ಲಕ್ಷಾಂತರ ಮಂದಿ ಅವನ್ನು ನೋಡಿದರು. 2024ರ ಆಗಸ್ಟ್‌ನಲ್ಲಿ ಆ ದೇಶದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ತನ್ನ ಗರ್ಭನಿರೋಧಕ ಮಾರ್ಗಸೂಚಿಯನ್ನು ಪರಿಷ್ಕರಿಸಿ, ವಂಕಿ ಅಳವಡಿಕೆಗೆ ಮುನ್ನ ಆಗಬಹುದಾದ ನೋವು, ಅದನ್ನು ನಿಭಾಯಿಸುವ ವಿಧಾನಗಳು, ಅವುಗಳ ಸಾಧಕ ಬಾಧಕಗಳನ್ನು ಎಲ್ಲ ಮಹಿಳೆಯರಿಗೂ ತಿಳಿಸಬೇಕು, ಅವರ ಇಚ್ಛೆಯಂತೆ ಯೋಜನೆ ರೂಪಿಸಬೇಕು ಎಂದು ಹೇಳಿತು. ಅಲ್ಲಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು (ಎಸಿಒಜಿ) 2025ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಂಕಿಯ ಜೊತೆಗೆ ಗರ್ಭಕೋಶದ ಬಯಾಪ್ಸಿ, ಒಳಗೆ ಕ್ಯಾಮೆರಾ ತೂರಿಸಿ ನೋಡುವ ಹಿಸ್ಟರೋಸ್ಕೋಪಿ, ಗರ್ಭಕೊರಳಿನ ತುಣುಕು ತೆಗೆಯುವುದು ಮುಂತಾದ, ಹೊರರೋಗಿ ವಿಭಾಗದಲ್ಲೇ ನಡೆಯುವ ಕ್ರಿಯೆಗಳಿಗೂ ನೋವು ನಿವಾರಣೆಯ ಆಯ್ಕೆಗಳನ್ನು ಚರ್ಚಿಸಬೇಕು, ಒದಗಿಸಬೇಕು ಎಂಬುದು ಅದರ ಸಲಹೆ. ಮಹಿಳೆಯ ನೋವನ್ನು ವೈದ್ಯರು ಕಡಿಮೆ ಅಂದಾಜು ಮಾಡುತ್ತಾ ಬಂದಿದ್ದಾರೆ ಎಂಬ ಮಾತನ್ನು ವೈದ್ಯರ ಸಂಸ್ಥೆಯೇ ಒಪ್ಪಿಕೊಂಡದ್ದು ಗಮನಾರ್ಹ.

ಬ್ರಿಟನ್ನಿನ ಕಥೆ ಇದಕ್ಕಿಂತ ಹಳೆಯದು. ಅಲ್ಲಿ ಅರಿವಳಿಕೆಯಿಲ್ಲದೆ ನಡೆಯುವ ಹಿಸ್ಟರೋಸ್ಕೋಪಿ ಬಗ್ಗೆ ಸಂಸದೆ ಲಿನ್ ಬ್ರೌನ್ 2013ರಿಂದಲೂ ಸಂಸತ್ತಿನಲ್ಲಿ ಮತ್ತೆ ಮತ್ತೆ ಧ್ವನಿ ಎತ್ತಿದರು. 2020ರ ಡಿಸೆಂಬರಿನಲ್ಲಿ ಅಲ್ಲಿನ ರಾಯಲ್ ಕಾಲೇಜು, ನೋವಿನ ಸಾಧ್ಯತೆಯನ್ನು ಮೊದಲೇ ತಿಳಿಸಬೇಕು, ಪೂರ್ಣ ಅರಿವಳಿಕೆಯಲ್ಲಿ ಮಾಡಿಸಿಕೊಳ್ಳುವ ಆಯ್ಕೆಯನ್ನೂ ಮುಂದಿಡಬೇಕು, ಮಹಿಳೆ 'ನಿಲ್ಲಿಸಿ' ಎಂದರೆ ನಿಲ್ಲಿಸಬೇಕು ಎಂದು ಸ್ಪಷ್ಟಪಡಿಸಿತು.

ಇವೆಲ್ಲ ಶ್ರೀಮಂತ ದೇಶಗಳ ನಾಜೂಕು, ನಮ್ಮ ಹೆಂಗಸರು ಗಟ್ಟಿ ಎಂದು ಹೇಳುವವರಿದ್ದಾರೆ. ಅವರಿಗಾಗಿ ಶರೀರದ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ.

ಗರ್ಭಕೊರಳಿಗೆ ಹೆಚ್ಚಿನ ಸಂವೇದನೆ ಇಲ್ಲ ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಇತ್ತು. ವಂಕಿ ಹಾಕುವಾಗ ಆ ಕೊರಳನ್ನು ಚೂಪುತುದಿಯ ಇಕ್ಕಳದಿಂದ ಕಚ್ಚಿ ಹಿಡಿಯುತ್ತಾರೆ, ಬಳಿಕ ಗರ್ಭಕೋಶದ ಆಳವನ್ನು ಸಲಾಕೆಯಿಂದ ಅಳೆಯುತ್ತಾರೆ, ಆಮೇಲೆ ಸಾಧನ ಒಳಗೆ ಹೋಗುತ್ತದೆ. ಮೂರು ಹಂತದಲ್ಲೂ ನೋವಾಗಬಹುದು. ಕೆಲವರಿಗೆ ಮುಟ್ಟಿನ ದಿನದ ಸಣ್ಣ ಸೆಳೆತದಷ್ಟು, ಕೆಲವರಿಗೆ ಕಣ್ಣು ಕತ್ತಲಿಟ್ಟು ನಾಡಿ ಇಳಿದು ಎಚ್ಚರ ತಪ್ಪುವಷ್ಟು. ಯೋನಿಮಾರ್ಗದಲ್ಲಿ ಹೆರಿಗೆಯಾಗದವರಿಗೆ ನೋವು ಹೆಚ್ಚು ಎಂಬುದು ತಿಳಿದ ವಿಷಯ. ಸಿಸೇರಿಯನ್ ಆದವರಲ್ಲಿ ಅನೇಕರು ಇದೇ ಗುಂಪಿಗೆ ಸೇರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದಲ್ಲಿ ಶೇ. 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಮೂಲಕವೇ ಆಗಿವೆ. 'ಎರಡು ಹೆತ್ತವಳಿಗೆ ಇದೇನು ಮಹಾ' ಎಂಬ ವಾರ್ಡಿನ ಮಾತು ಹೀಗಾಗಿ ಅನೇಕ ತಾಯಂದಿರ ಮಟ್ಟಿಗೆ ವೈದ್ಯಕೀಯವಾಗಿಯೂ ತಪ್ಪು.

ತಡೆಯುವ ದಾರಿಗಳು ಹಲವು. ಗರ್ಭಕೊರಳಿನ ಸುತ್ತ ಲಿಗ್ನೊಕೇನ್ ಸೂಜಿಮದ್ದು ಕೊಟ್ಟು ಕೆಲವು ನಿಮಿಷ ಕಾಯುವುದು ಒಂದು. ಅದೇ ಮದ್ದನ್ನು ಮುಲಾಮು ಅಥವಾ ಸ್ಪ್ರೇ ರೂಪದಲ್ಲಿ ಹಚ್ಚುವುದು ಇನ್ನೊಂದು. ನೋವಿನ ಮಾತ್ರೆ ಕ್ರಿಯೆಯ ನಂತರದ ಸೆಳೆತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚು ಹೊತ್ತು ಹಿಡಿಯುವ ಅಥವಾ ಮಹಿಳೆಗೆ ವಿಪರೀತ ಭಯವಿರುವ ಸಂದರ್ಭಗಳಲ್ಲಿ ಮಂಪರು ಬರಿಸುವ ಔಷಧ, ಪೂರ್ಣ ಅರಿವಳಿಕೆ ಇವೆ. ಇವು ಯಾವುವೂ ಮಂತ್ರದಂಡವಲ್ಲ. ಕೊರಳಿನ ಸುತ್ತ ಕೊಡುವ ಸೂಜಿ ತಾನೇ ಚುಚ್ಚುತ್ತದೆ. ಗರ್ಭಕೋಶದ ಮೇಲ್ಭಾಗದ ನರಗಳು ಬೇರೆ ದಾರಿಯಿಂದ ಬರುವುದರಿಂದ ಅಲ್ಲಿನ ಸೆಳೆತ ಉಳಿದುಕೊಳ್ಳಬಹುದು. ಹಿಂದೆ ವಾಡಿಕೆಯಲ್ಲಿದ್ದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಎಲ್ಲರಿಗೂ ವಾಡಿಕೆಯಾಗಿ ಕೊಡುವುದು ಬೇಡ ಎಂದು ಸಿಡಿಸಿಯೇ ಹೇಳಿದೆ. ಪೂರ್ಣ ಅರಿವಳಿಕೆಗೆ ಅದರದೇ ಅಪಾಯ, ಖರ್ಚು ಇವೆ. ಆದ್ದರಿಂದಲೇ ಇಲ್ಲಿ ಮಾತುಕತೆ ಬೇಕಾಗುತ್ತದೆ. ಎಲ್ಲರಿಗೂ ಒಂದೇ ಮದ್ದು ಸಾಲುತ್ತಿದ್ದರೆ ಕೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ಲಿಗ್ನೊಕೇನ್ ದುಬಾರಿ ಮದ್ದೇನಲ್ಲ. ನಮ್ಮ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಹಲ್ಲು ಕೀಳುವ ಮುನ್ನ ವಸಡಿಗೆ ದಂತವೈದ್ಯರು ಕೊಡುವುದು ಇದನ್ನೇ. ಅದನ್ನು ಕೊಡದೆ ಇಕ್ಕಳ ಎತ್ತಿಕೊಂಡರೆ ರೋಗಿ ಕುರ್ಚಿ ಬಿಟ್ಟು ಎದ್ದು ಹೋಗುತ್ತಾನೆ. ಹಲ್ಲಿನ ಕುರ್ಚಿಯಲ್ಲಿ ಗಂಡಸರೂ ಕೂರುತ್ತಾರೆ ಎಂಬುದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿಲ್ಲ ಎಂದು ನಂಬುವುದು ಕಷ್ಟ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ವೈದ್ಯಕೀಯ ಒಪ್ಪಿಗೆಯ ಕುರಿತ ಅತಿ ಮುಖ್ಯ ತೀರ್ಪು ಬಂದದ್ದು ಸ್ತ್ರೀರೋಗ ಚಿಕಿತ್ಸೆಯ ಪ್ರಕರಣದಲ್ಲೇ. 1995ರ ಮೇ ತಿಂಗಳಲ್ಲಿ ದೆಹಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತೆ ಅತಿಯಾದ ಮುಟ್ಟಿನ ಸ್ರಾವಕ್ಕಾಗಿ ವೈದ್ಯೆಯೊಬ್ಬರ ಬಳಿಗೆ ಹೋದರು. ಅವರು ಸಹಿ ಹಾಕಿದ್ದು ಮುಖ್ಯವಾಗಿ ಲ್ಯಾಪರೊಸ್ಕೋಪಿ ಪರೀಕ್ಷೆಗೆ. ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು, ಅವರ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆಯಲಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಅವರ ದೂರನ್ನು ತಳ್ಳಿಹಾಕಿತ್ತು. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಪ್ರಜ್ಞೆಯುಳ್ಳ ವಯಸ್ಕ ಮಹಿಳೆಯ ಪರವಾಗಿ, ಜೀವಾಪಾಯದ ತುರ್ತು ಇಲ್ಲದಿರುವಾಗ, ತಾಯಿಯೂ ಒಪ್ಪಿಗೆ ಕೊಡಲಾರರು ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. ಪರಿಹಾರವಾಗಿ ಸಿಕ್ಕ ಹಣ 25,000 ರೂಪಾಯಿ.

ಒಪ್ಪಿಗೆ ಪಡೆಯುವ ಮುನ್ನ ಏನೇನು ಹೇಳಬೇಕು ಎಂಬುದನ್ನೂ ಆ ತೀರ್ಪು ಪಟ್ಟಿ ಮಾಡಿದೆ. ಚಿಕಿತ್ಸೆಯ ಸ್ವರೂಪ ಮತ್ತು ವಿಧಾನ, ಅದರ ಉದ್ದೇಶ, ಪ್ರಯೋಜನ ಮತ್ತು ಪರಿಣಾಮ. ಬೇರೆ ದಾರಿಗಳಿದ್ದರೆ ಅವು. ಗಣನೀಯ ಅಪಾಯಗಳ ಸ್ಥೂಲ ಚಿತ್ರ. ಚಿಕಿತ್ಸೆ ಬೇಡವೆಂದರೆ ಆಗುವ ತೊಂದರೆ. ಅಮೆರಿಕದಂತೆ ಸಣ್ಣಪುಟ್ಟ, ದೂರದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ. ಬಡವರು, ಅನಕ್ಷರಸ್ಥರು ಹೆಚ್ಚಿರುವ, ವೈದ್ಯರನ್ನು ನಂಬುವ ಈ ದೇಶಕ್ಕೆ 'ಸಾಕಷ್ಟು ಮಾಹಿತಿ' ಎಂಬ ಅಳತೆ ಸೂಕ್ತ ಎಂದು ನ್ಯಾಯಾಲಯ ಭಾವಿಸಿತು. ನೋವು ಎಂಬ ಪದ ಆ ಪಟ್ಟಿಯಲ್ಲಿಲ್ಲ ನಿಜ. ಆದರೆ ಎಚ್ಚರವಿದ್ದೇ ಮಾಡುವರೋ ಮಂಪರಿನಲ್ಲೋ ಎಂಬುದು 'ವಿಧಾನ'ವಲ್ಲದೆ ಮತ್ತೇನು? ಸೂಜಿಮದ್ದು ಕೊಡಲು ಸಾಧ್ಯವಿದೆ ಎಂಬುದು 'ಬೇರೆ ದಾರಿ'ಯಲ್ಲವೇ? ದೂರದ ಅಪಾಯಗಳನ್ನು ಹೇಳದಿರಲು ತೀರ್ಪಿನಲ್ಲಿ ವಿನಾಯಿತಿ ಇದೆ. ನೋವು ದೂರದ್ದಲ್ಲ, ಮೇಜಿನ ಮೇಲೆಯೇ ಕಾದಿರುವಂಥದ್ದು. ಹೊಸ ಕಾನೂನು ಬೇಕು ಎಂದು ಬೇಡಿಕೆ ಇಡುವ ಮುನ್ನ ಇರುವುದನ್ನೇ ಈ ದೃಷ್ಟಿಯಿಂದ ಓದಿದರೆ ಸಾಕು ಎನಿಸುತ್ತದೆ.

ವೈದ್ಯರ ನಡತೆ ಕುರಿತ 2002ರ ನಿಯಮಗಳು ಮಾತ್ರ ಬೇರೆಯೇ ಲೋಕದಲ್ಲಿವೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಯಾರಿಂದ ಪಡೆಯಬೇಕು ಎಂದು ಹೇಳುವ ಕಲಮಿನಲ್ಲಿ ಗಂಡ ಅಥವಾ ಹೆಂಡತಿಯ ಉಲ್ಲೇಖ ಮೊದಲು, ರೋಗಿಯ ಉಲ್ಲೇಖ ಕೊನೆಗೆ! 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳು ಪ್ರಕಟವಾದವು, ಅದೇ ತಿಂಗಳು ತಡೆಹಿಡಿಯಲ್ಪಟ್ಟವು, ಹಳೆಯವು ಮರಳಿ ಬಂದವು.

ಶಿಬಿರದ ಮೇಜಿನ ಮೇಲೆ

ಕರ್ನಾಟಕದ ಮಟ್ಟಿಗೆ ಈ ಚರ್ಚೆಯ ನಡುಮಧ್ಯೆ ಇರಬೇಕಾದದ್ದು ವಂಕಿಯಲ್ಲ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಇದನ್ನು ಮಾಡಿಸಿಕೊಂಡಿದ್ದಾರೆ. ದೇಶದ ಸರಾಸರಿ ಸುಮಾರು ಶೇ. 38. ಪುರುಷರ ಪಾಲು ಎರಡೂ ಕಡೆ ನಗಣ್ಯ. 'ಆಪರೇಷನ್' ಎಂದು ಒಂದೇ ಪದದಲ್ಲಿ ಮುಗಿಸಿಬಿಡುವ ಈ ಕ್ರಿಯೆಗೆ ಸರ್ಕಾರಿ ಮಾರ್ಗಸೂಚಿ ಆದ್ಯತೆ ನೀಡುವುದು ಸ್ಥಳೀಯ ಅರಿವಳಿಕೆಗೆ. ಸುರಕ್ಷತೆಯ ದೃಷ್ಟಿಯಿಂದ ಅದು ಸಮರ್ಥನೀಯವೇ. ಆದರೆ ಮಹಿಳೆಗೆ ಎಚ್ಚರವಿರುತ್ತದೆ, ಹೊಟ್ಟೆಯೊಳಗೆ ಎಳೆದಂತಾಗುವುದು ಗೊತ್ತಾಗುತ್ತದೆ ಎಂದು ಅವಳಿಗೆ ಮೊದಲೇ ಹೇಳಿರಬೇಕು. 'ನಿದ್ದೆ ಬರಿಸುತ್ತಾರೆ' ಎಂದು ನಂಬಿ ಬಂದವಳಿಗೆ ಕೊಯ್ಯುವ ಹೊತ್ತಿನಲ್ಲಿ ಎಚ್ಚರವಿರುವುದು ತಿಳಿದರೆ ಆಗುವ ಗಾಬರಿ ಊಹಿಸಲು ಕಷ್ಟವಿಲ್ಲ.

2022ರ ನವೆಂಬರಿನಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯಿಂದ ಬಂದ ಸುದ್ದಿ ಓದುಗರಿಗೆ ನೆನಪಿರಬಹುದು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅರಿವಳಿಕೆಯೇ ಇಲ್ಲದೆ ತಮಗೆ ಈ ಶಸ್ತ್ರಚಿಕಿತ್ಸೆ ಮಾಡಲಾಯಿತು ಎಂದು ಸುಮಾರು ಎರಡು ಡಜನ್ ಮಹಿಳೆಯರ ವಿಷಯದಲ್ಲಿ ದೂರು ಬಂತು. ನೋವಿನಿಂದ ಕೂಗುತ್ತಿದ್ದರೂ ಕೈಕಾಲು ಹಿಡಿದುಕೊಂಡು ಕೊಯ್ದರು ಎಂದು ಒಬ್ಬರು ಹೇಳಿದರು. ತನಿಖೆಗೆ ಆದೇಶವಾಯಿತು. ಮದ್ದನ್ನೇ ಕೊಡದಿದ್ದರೆ ಅದು ಕ್ರೌರ್ಯ. ಕೊಟ್ಟು, ಅದು ಹಿಡಿಯುವಷ್ಟು ಹೊತ್ತು ಕಾಯದೆ ಕೊಯ್ದಿದ್ದರೂ ಮೇಜಿನ ಮೇಲಿರುವವಳಿಗೆ ಆಗುವುದು ಅದೇ. ಸರದಿಯಲ್ಲಿ ಇಪ್ಪತ್ತು ಮೂವತ್ತು ಮಂದಿ ಕಾದಿರುವ ಶಿಬಿರದಲ್ಲಿ ಮೊದಲು ಕಡಿತವಾಗುವುದು ಆ ಎರಡು ಮೂರು ನಿಮಿಷಗಳೇ.

ಮೊದಲೇ ಮಾಹಿತಿ ಕೊಡುವುದು ಸೌಜನ್ಯದ ಮಾತಷ್ಟೇ ಅಲ್ಲ, ಕಾವಲಿನ ಮಾತೂ ಹೌದು ಎನ್ನುವುದು ಇದಕ್ಕೇ. 'ಮೊದಲು ಸೂಜಿ ಕೊಡುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಚಿವುಟಿ ನೋಡುತ್ತಾರೆ, ನೋವಾದರೆ ಹೇಳಬೇಕು, ಇನ್ನೊಂದು ಕೊಡುತ್ತಾರೆ' ಎಂದು ಆಶಾ ಕಾರ್ಯಕರ್ತೆ ಹಿಂದಿನ ದಿನವೇ ತಿಳಿಸಿದ್ದರೆ, ಸೂಜಿ ಬೀಳದ ದಿನ ಮಹಿಳೆಗೇ ಗೊತ್ತಾಗುತ್ತದೆ. ಗೊತ್ತಿಲ್ಲದವಳು ಇದು ಹೀಗೇ ಇರಬೇಕೇನೋ ಎಂದು ಹಲ್ಲು ಕಚ್ಚುತ್ತಾಳೆ.

2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆದು, ಬಳಿಕ ಹದಿಮೂರು ಮಂದಿ ಸತ್ತರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸೂಚಿಸಿದ್ದು ಎಲ್ಲರಿಗೂ ಗೊತ್ತು. ಕಡಿಮೆ ಚರ್ಚೆಯಾದ ಇನ್ನೊಂದು ಅಂಶ ಅದೇ ತೀರ್ಪಿನಲ್ಲಿದೆ: ವಿವರಗಳನ್ನು ಮಹಿಳೆಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಆಮೇಲೆ ಯೋಚಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ಆ ಒಂದು ಗಂಟೆಯಲ್ಲಿ ನೋವಿನ ವಿಷಯಕ್ಕೆ ಐದು ನಿಮಿಷ ಸಿಕ್ಕರೆ ಸಾಕು.

ವೈದ್ಯರ ಕಷ್ಟವೂ ಸುಳ್ಳಲ್ಲ. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞೆಯ ಬಾಗಿಲಲ್ಲಿ ಬೆಳಿಗ್ಗೆಯೇ ಸಾಲು ನಿಂತಿರುತ್ತದೆ. ಅರಿವಳಿಕೆ ತಜ್ಞರು ಎಲ್ಲ ಕಡೆ, ಎಲ್ಲ ದಿನ ಸಿಗುವುದಿಲ್ಲ. ನೋವಾಗುತ್ತದೆ ಎಂದು ಮೊದಲೇ ಹೇಳಿದರೆ ಹೆದರಿ ಎದ್ದು ಹೋಗುತ್ತಾರೆ, ಬೇಕಾದ ಪರೀಕ್ಷೆಯೂ ತಪ್ಪುತ್ತದೆ ಎಂಬ ಆತಂಕ ಪ್ರಾಮಾಣಿಕವಾದದ್ದು. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಮಹಿಳೆಯರನ್ನು ಕರೆತರಲು ಪಡುವ ಪಾಡು ಕಂಡವರಿಗೆ ಇದು ಅರ್ಥವಾಗುತ್ತದೆ. ಆದರೆ ಹೇಳದೆ ಮಾಡಿದರೂ ಆ ಮಹಿಳೆ ಎರಡನೆಯ ಬಾರಿ ಬರುವುದಿಲ್ಲ. ಬರದೆ ಇರುವುದಷ್ಟೇ ಅಲ್ಲ, ಓಣಿಯ ಹತ್ತು ಮಂದಿಗೆ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಲಿಗ್ನೊಕೇನ್ ವಿಷಯ ಇರುವುದಿಲ್ಲ, ಇಕ್ಕಳದ ವಿಷಯ ಮಾತ್ರ ಇರುತ್ತದೆ. ಹಾಗೆ ನೋಡಿದರೆ, ಪ್ಯಾಪ್ ಸ್ಮಿಯರ್‌ನಂಥ ಪರೀಕ್ಷೆ ಹೆಚ್ಚಿನವರಿಗೆ ಬರೀ ಕಿರಿಕಿರಿಯಷ್ಟೇ ಎಂಬ ಒಳ್ಳೆಯ ಸುದ್ದಿಯೂ ಮಾಹಿತಿಯೇ. ಯಾವುದರಲ್ಲಿ ಎಷ್ಟು ನೋವು ಎಂದು ಬಿಡಿಸಿ ಹೇಳಿದಾಗಲೇ ಅದನ್ನು ನಂಬುತ್ತಾರೆ.

ನೋವಿನ ಮಾತನ್ನು ಕೇಳಿಸಿಕೊಳ್ಳದೆ ಹೋದರೆ ವೈದ್ಯರಿಗೇ ಏನು ನಷ್ಟ ಎಂಬುದಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಂಜೆತನ ಚಿಕಿತ್ಸಾ ಕೇಂದ್ರದ ಪ್ರಕರಣ ಸಾಕ್ಷಿ. 2020ರಲ್ಲಿ ಕೆಲವು ತಿಂಗಳ ಕಾಲ ಅಲ್ಲಿನ ದಾದಿಯೊಬ್ಬರು ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕವನ್ನು ಕದ್ದು, ಸೀಸೆಗಳಿಗೆ ಉಪ್ಪುನೀರು ತುಂಬಿಡುತ್ತಿದ್ದರು. ಅಂಡಾಣು ಹೊರತೆಗೆಯುವಾಗ ಮಹಿಳೆಯರು ತಡೆಯಲಾರದ ನೋವೆಂದು ಹೇಳಿದರು. ದಾಖಲೆಯಲ್ಲಿ ಮದ್ದು ಕೊಟ್ಟಿದೆ ಎಂದಿತ್ತು. ಹಾಗಾಗಿ ದಾಖಲೆಯನ್ನು ನಂಬಿದರು, ಮಹಿಳೆಯರನ್ನಲ್ಲ. ಒಬ್ಬಿಬ್ಬರ ಮಾತನ್ನಾದರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ಕಳವು ಬೇಗ ಬಯಲಾಗುತ್ತಿತ್ತು. ದಾದಿ ತಪ್ಪೊಪ್ಪಿಕೊಂಡು 2021ರಲ್ಲಿ ಶಿಕ್ಷೆಯಾಯಿತು. ಪ್ರಪಂಚದ ಹೆಸರಾಂತ ವಿಶ್ವವಿದ್ಯಾಲಯದಲ್ಲೇ ಹೀಗಾದ ಮೇಲೆ ಉಳಿದ ಕಡೆಯ ಮಾತೇನು?

ರಾಜ್ಯದಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ರೋಗಿಗಳ ಸನ್ನದನ್ನು ಕಾನೂನಿನೊಳಗೆ ತಂದಿತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರ ಮುಷ್ಕರದಿಂದ ರಾಜ್ಯದ ಆಸ್ಪತ್ರೆಗಳು ಬಾಗಿಲು ಹಾಕಿದ್ದು ನೆನಪಿನಲ್ಲಿದೆ. ಆಗಿನ ಜಗಳವೆಲ್ಲ ದರ ಮತ್ತು ದಂಡದ ಸುತ್ತ ನಡೆಯಿತು, ಒಪ್ಪಿಗೆ ಪತ್ರದಲ್ಲಿ ಏನಿರಬೇಕೆಂಬ ಮಾತು ಬದಿಗೆ ಸರಿಯಿತು. ಈಗಲೂ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ ಇದು: ವಂಕಿ, ಎಚ್‌ಎಸ್‌ಜಿ, ಬಯಾಪ್ಸಿ, ಗರ್ಭಕೋಶ ಸ್ವಚ್ಛಗೊಳಿಸುವ ಕ್ರಿಯೆ, ಸಂತಾನಶಕ್ತಿಹರಣ, ಇವುಗಳ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಒಂದು ಕಂಡಿಕೆ. ಎಚ್ಚರವಿರುತ್ತದೆಯೇ, ಎಷ್ಟು ನೋವಾಗಬಹುದು, ಈ ಆಸ್ಪತ್ರೆಯಲ್ಲಿ ಏನು ಲಭ್ಯ, ಅದಕ್ಕೆ ಎಷ್ಟು ಹಣ, ಮಹಿಳೆ ಯಾವುದನ್ನು ಆರಿಸಿದಳು. ಗರ್ಭಪಾತದ ಸಂದರ್ಭದಲ್ಲಿ ನೋವುನಿವಾರಕವನ್ನು ವಾಡಿಕೆಯಾಗಿಯೇ ಒದಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಹೇಳಿರುವುದರಿಂದ, ಇಲಾಖೆ ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ.

ಸುತ್ತೋಲೆ ಬರುವ ತನಕ ಕೇಳಬೇಕಾದವರು ನಾವೇ. 'ನನಗೆ ಎಚ್ಚರ ಇರುತ್ತದೆಯೇ? ನೋವಿಗೆ ಏನು ಕೊಡುತ್ತೀರಿ, ಯಾವಾಗ? ತಡೆಯಲಾಗದಿದ್ದರೆ ನಿಲ್ಲಿಸುತ್ತೀರಾ?' ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೂ ಆದೀತು. ಅತ್ತಿಗೆಗೆ ಮರುವರ್ಷ ಹಿಸ್ಟರೋಸ್ಕೋಪಿ ಮಾಡಬೇಕಾಗಿ ಬಂತು, ಬೇರೆ ಊರು, ಬೇರೆ ವೈದ್ಯೆ. ಅವರು ಚೀಟಿ ಹಿಡಿದೇ ಹೋದರು. ವೈದ್ಯೆ ಚೀಟಿ ಓದಿ, ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಂಡು, ಎರಡು ವಿಧಾನಗಳನ್ನೂ ಅವುಗಳ ಖರ್ಚನ್ನೂ ವಿವರಿಸಿದರಂತೆ. ಐದಾರು ನಿಮಿಷ ಹಿಡಿಯಿತು. ಅತ್ತಿಗೆ ಆರಿಸಿಕೊಂಡದ್ದು ಸ್ಥಳೀಯ ಅರಿವಳಿಕೆಯನ್ನು.